ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಭಾನುವಾರದ ಆರಾಧನೆಗೆ ಹೋಗುವುದಾದರೆ

ಮಕ್ಕಳು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓದುತ್ತಿದ್ದಾರೆಂದು ನೋಡಲು ಬರುವ ತಂದೆತಾಯಿಯರು ಸಾಮಾನ್ಯವಾಗಿ ಗಾಲ್ಫ್ ಮೈದಾನಕ್ಕೆ ಹೋಗುತ್ತಾರೆ, ಸಮುದ್ರದಂಚಿನ ಪಾಳು ಕೋಟೆಗೆ ಹೋಗುತ್ತಾರೆ, ಚಳಿಯಲ್ಲೂ ಐಸ್‌ಕ್ರೀಮ್ ತಿನ್ನುತ್ತಾರೆ. ಭಾನುವಾರ ಬೆಳಿಗ್ಗೆ ನಾರ್ತ್ ಸ್ಟ್ರೀಟಿನಲ್ಲಿ ಕೆಂಪು ಗೌನು ಹೊದ್ದ ಹುಡುಗ ಹುಡುಗಿಯರು ಹಳೆಯ ಗೋಪುರದ ಕಡೆ ನಡೆದುಹೋಗುವುದನ್ನು ಕಂಡರೆ ನಿಂತು ಒಂದು ಫೋಟೊ ತೆಗೆದು ಮುಂದೆ ಸಾಗುತ್ತಾರೆ. ಒಳಗೆ ಹೋಗಬಹುದೇ ಎಂದು ಕೇಳಲು ಸಂಕೋಚ. ಹೋಗಬಹುದು. ಟಿಕೆಟ್ಟಿಲ್ಲ, ಜಾತಿ ಮತ ಕೇಳುವವರಿಲ್ಲ, ವಿದ್ಯಾರ್ಥಿಯೇ ಆಗಿರಬೇಕೆಂದೂ ಇಲ್ಲ.

ನಾನು ಅರಸೀಕೆರೆಯವಳು. ಇದೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಿ, ಈಗ ಟೇ ನದಿಯ ಆಚೆ ದಡದ ಡಂಡಿಯಲ್ಲಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕ್ರೈಸ್ತಳಲ್ಲ. ಹಾಡು ಕೇಳುವ ಚಪಲಕ್ಕೆ ಈ ಆರಾಧನೆಗೆ ಹೋಗಲು ಶುರುಮಾಡಿದವಳು, ಇಂದಿಗೂ ಅದಕ್ಕೇ ಹೋಗುತ್ತೇನೆ. ಊರ ಕಡೆಯಿಂದ ಬಂದವರನ್ನು ಕರೆದುಕೊಂಡು ಹೋಗುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂದಿದೆ. ಎಲ್ಲರೂ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಬರೆದಿಟ್ಟರೆ ಬಸ್ಸಿನಲ್ಲಿ ನಾನು ಸ್ವಲ್ಪ ಸುಮ್ಮನೆ ಕೂರಬಹುದು.

ಇದು ಯಾರ ಆರಾಧನೆ

ಇದನ್ನು ಊರಿನ ಚರ್ಚು ನಡೆಸುವುದಿಲ್ಲ; ವಿಶ್ವವಿದ್ಯಾಲಯ ತನ್ನದೇ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ ನಡೆಸುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಒಳಗೆ ಕಾಣುವ ಅರ್ಧ ಸಂಗತಿಗಳು ತಾವಾಗಿ ಅರ್ಥವಾಗುತ್ತವೆ. 1413ರಲ್ಲಿ ಪೋಪ್ ಹದಿಮೂರನೆಯ ಬೆನೆಡಿಕ್ಟ್ ಹೊರಡಿಸಿದ ಶಾಸನಪತ್ರದಿಂದ ಈ ವಿಶ್ವವಿದ್ಯಾಲಯಕ್ಕೆ ಅಧಿಕೃತ ಮಾನ್ಯತೆ ಬಂತು. ಆ ಕಾಲದಲ್ಲಿ ಓದಿಸುವವರೂ ಪಾದ್ರಿಗಳೇ, ಓದುವವರೂ ಪಾದ್ರಿಗಳಾಗುವವರೇ. ಬಿಷಪ್ ಜೇಮ್ಸ್ ಕೆನಡಿ 1450ರಲ್ಲಿ ಸೇಂಟ್ ಸಾಲ್ವೇಟರ್ ಕಾಲೇಜನ್ನು ಸ್ಥಾಪಿಸಿದ. ನಾವು ಹೋಗುವ ಚಾಪೆಲ್ ಆ ಕಾಲೇಜಿನದು. 1465ರಲ್ಲಿ ತೀರಿಕೊಂಡ ಆ ಬಿಷಪ್ಪನ ಸಮಾಧಿ ಒಳಗೆ ಗೋಡೆಗೆ ಸೇರಿಕೊಂಡಂತೆ ಇದೆ. ಕಲ್ಲಿನ ಕೆತ್ತನೆ ತುಂಬ ಸೂಕ್ಷ್ಮವಾದದ್ದು. ಮುರಿದಷ್ಟು ಮುರಿದಿದೆ, ಉಳಿದದ್ದನ್ನು ಆರಾಧನೆ ಮುಗಿದ ಮೇಲೆ ಹತ್ತಿರ ಹೋಗಿ ನೋಡಿ.

1560ರ ಮತಸುಧಾರಣೆಯಲ್ಲಿ ಸ್ಕಾಟ್ಲೆಂಡ್ ಪೋಪರ ಅಧಿಕಾರವನ್ನು ತೊರೆಯಿತು. ಅಂದಿನ ದೊಡ್ಡ ಗದ್ದಲದ ಮನುಷ್ಯ ಜಾನ್ ನಾಕ್ಸ್ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿದನೆಂದು ಹೇಳುವ ಮರದ ಪ್ರಸಂಗಪೀಠವೂ ಇದೇ ಚಾಪೆಲ್‌ನಲ್ಲಿದೆ. ಹೀಗೆ ಕ್ಯಾಥೊಲಿಕ್ ಬಿಷಪ್ಪನ ಸಮಾಧಿ, ಅವನ ಮತವನ್ನೇ ಕಿತ್ತೊಗೆದವನ ಪೀಠ, ಎರಡೂ ಒಂದೇ ಸೂರಿನಡಿ ಜಗಳವಿಲ್ಲದೆ ಇವೆ. ಈಗಿನ ಆರಾಧನೆಯ ಬುನಾದಿ ಸ್ಕಾಟಿಷ್ ಪ್ರೆಸ್ಬಿಟೇರಿಯನ್ ಪದ್ಧತಿ, ಅಂದರೆ ಬಿಷಪ್ಪರಿಲ್ಲದೆ ಹಿರಿಯರ ಸಭೆಗಳೇ ನಡೆಸುವ ಪ್ರೊಟೆಸ್ಟೆಂಟ್ ಚರ್ಚಿನದು. ಆದರೆ ಪ್ರಸಂಗ ಮಾಡಲು ಬೇರೆ ಬೇರೆ ಸಂಪ್ರದಾಯದವರನ್ನು ಕರೆಯುತ್ತಾರೆ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1866ರಿಂದ ನಿಂತಿರುವ ಸೇಂಟ್ ಆಂಡ್ರೂಸ್ ಚರ್ಚನ್ನು ಕಂಡವರಿಗೆ ಈ ಸ್ಕಾಟಿಷ್ ಶಿಸ್ತು ಪೂರ್ತಿ ಹೊಸದೆನಿಸದು.

ಯಾವಾಗ ಹೋಗಬೇಕು, ಹೇಗೆ ತಲುಪಬೇಕು

ಸೆಮಿಸ್ಟರ್ ನಡೆಯುವಾಗ ಭಾನುವಾರ ಬೆಳಿಗ್ಗೆ 11 ಗಂಟೆಗೆ. ರಜೆಯಲ್ಲಿ ಬಂದು ಬೀಗ ಹಾಕಿದ ಬಾಗಿಲು ನೋಡಿ ಬೈದುಕೊಳ್ಳಬೇಡಿ. ಹೊರಡುವ ಮುನ್ನ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಚಾಪ್ಲಿನ್, ಅಂದರೆ ವಿಶ್ವವಿದ್ಯಾಲಯದ ಪಾದ್ರಿಯ, ಕಚೇರಿಯ ಪುಟ ನೋಡಿ. ಊರಿನಲ್ಲಿ ರೈಲು ನಿಲ್ದಾಣವಿಲ್ಲ. ಎಡಿನ್‌ಬರೊದಿಂದ ಬರುವವರು ಲೂಕರ್ಸ್‌ನಲ್ಲಿ ಇಳಿದು 99ನೆಯ ನಂಬರಿನ ಬಸ್ ಹಿಡಿಯಬೇಕು. ಡಂಡಿಯಿಂದಲೂ ಅದೇ 99. ಭಾನುವಾರ ಬಸ್ಸು ವಿರಳ, ಒಂದು ತಪ್ಪಿದರೆ ಪ್ರಸಂಗದ ಹೊತ್ತಿಗೆ ತಲುಪುತ್ತೀರಿ. ಅಷ್ಟು ಹೊತ್ತಿಗೆ ನೋಡಬೇಕಾದದ್ದು ಮುಗಿದಿರುತ್ತದೆ.

ಇನ್ನೊಂದು ಎಚ್ಚರಿಕೆ ಇದೆ, ಭಾರತದಿಂದ ಬಂದವರ ತಲೆಗೆ ಇದು ಹೊಳೆಯುವುದೇ ಇಲ್ಲ. ಇಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಅದೂ ಭಾನುವಾರ ನಸುಕಿನಲ್ಲೇ. ಮೊಬೈಲ್ ತಾನೇ ಬದಲಾಗುತ್ತದೆ, ಅಪ್ಪನ ಕೈಗಡಿಯಾರ ಬದಲಾಗುವುದಿಲ್ಲ. ಮಾರ್ಚಿನಲ್ಲಿ ಕೈಗಡಿಯಾರ ನಂಬಿ ಹೋದವರಿಗೆ ಆರಾಧನೆ ಮುಗಿಸಿ ಹೊರಬರುವವರು ಎದುರಾಗುತ್ತಾರೆ.

ಹತ್ತೂವರೆಗೆ ಬಾಗಿಲಲ್ಲಿರಿ. ಶೈಕ್ಷಣಿಕ ವರ್ಷದ ಆರಂಭದ ಆರಾಧನೆ, ಕ್ರಿಸ್‌ಮಸ್ ಮುಂಚಿನ ಕ್ಯಾರಲ್ ಹಾಡುಗಳ ದಿನ, ಇಂಥವಕ್ಕೆ ಇನ್ನೂ ಬೇಗ ಹೋಗಬೇಕು. ದೊಡ್ಡ ಸಂದರ್ಭಗಳಲ್ಲಿ ಸ್ಥಳವೋ ಸಮಯವೋ ಬದಲಾಗುವುದೂ ಉಂಟು. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರು ಈ ಗದ್ದಲದ ದಿನಗಳನ್ನು ಬಿಟ್ಟು ಯಾವುದಾದರೂ ಸಾದಾ ಭಾನುವಾರ ಹೋಗುವುದು ಒಳ್ಳೆಯದು. ವಿಜೃಂಭಣೆ ಸ್ವಲ್ಪ ಕಡಿಮೆ, ಆದರೆ ಕೂರಲು ಜಾಗ ಸಿಗುತ್ತದೆ, ಮುಂದಿನವರ ತಲೆಯ ಬದಲು ಹಾಡುವವರ ಮುಖ ಕಾಣುತ್ತದೆ.

ನವೆಂಬರ್ 11ಕ್ಕೆ ಹತ್ತಿರದ ಭಾನುವಾರ ಬಂದರೆ ಅದು ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಅಂದು ಎಲ್ಲರ ಎದೆಯ ಮೇಲೆ ಕೆಂಪು ಪಾಪಿ ಹೂವಿನ ಬಿಲ್ಲೆ ಇರುತ್ತದೆ, ಎರಡು ನಿಮಿಷದ ಮೌನವಿರುತ್ತದೆ. ಇದು ಇವರ ಯುದ್ಧ, ನಮಗೇನು ಎಂದು ಕೇಳಿದ ಹುಡುಗನೊಬ್ಬನಿಗೆ ನಾನು ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಹೆಸರು ಹೇಳಿದೆ. 1918ರ ಸೆಪ್ಟೆಂಬರಿನಲ್ಲಿ ಈಗಿನ ಇಸ್ರೇಲಿನ ಹೈಫಾ ಪಟ್ಟಣಕ್ಕೆ ಕುದುರೆಯ ಮೇಲೆ ನುಗ್ಗಿದವರಲ್ಲಿ ನಮ್ಮವರೂ ಇದ್ದರು. ಹೂವು ಧರಿಸುವುದು ಬಿಡುವುದು ನಿಮ್ಮ ಇಷ್ಟ. ಮೌನದ ಹೊತ್ತಿನಲ್ಲಿ ಫೋನು ಮಾತ್ರ ಮೊಳಗಬಾರದು.

ಉಡುಪು

ಕೋಟು ಟೈ ಕಡ್ಡಾಯವಲ್ಲ. ಅಚ್ಚುಕಟ್ಟಾಗಿದ್ದರೆ ಸಾಕು. ಸೀರೆ ಉಟ್ಟು ಬರಬಹುದು, ಕುಂಕುಮ ವಿಭೂತಿ ಇಟ್ಟುಕೊಂಡು ಬರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಒಳಗೆ ಥರ್ಮಲ್, ಮೇಲೆ ದಪ್ಪ ಕೋಟು ಇರಲಿ. ಕಲ್ಲುಕಟ್ಟಡದ ಒಳಗಿನ ಚಳಿ ಹೊರಗಿನದಕ್ಕಿಂತ ಮೊಂಡು. ಕೂತಲ್ಲೇ ಕಾಲಬೆರಳಿನಿಂದ ಹತ್ತುತ್ತದೆ. ಆರಾಧನೆಯ ನಂತರ ಸಮುದ್ರದ ಕಟ್ಟೆಯ ಮೇಲೆ ನಡೆಯುವ ಮನಸ್ಸಿದ್ದರೆ ಸೀರೆ ಬೇಡವೇ ಬೇಡ. ಅದೇಕೆಂದು ಮುಂದೆ ಹೇಳುತ್ತೇನೆ.

ಹಾಸನದ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಮಂಕಿ ಕ್ಯಾಪ್ ಹಾಕಿಕೊಂಡೇ ಬಾಗಿಲ ಬಳಿ ಬಗ್ಗಿ ಶೂ ಲೇಸು ಬಿಚ್ಚತೊಡಗಿದರು.

“ಶೂ ಇರಲಿ ಅಂಕಲ್, ಟೋಪಿ ತೆಗೆಯಿರಿ” ಎಂದೆ.

“ಇದೇನಮ್ಮ, ಎಲ್ಲ ತಲೆಕೆಳಗು!” ಎಂದು ಅವರು ನಕ್ಕರು.

ಅಷ್ಟೇ ನಿಯಮ. ಗಂಡಸರು ಟೋಪಿ ತೆಗೆಯಬೇಕು. ಪೇಟ ಧರ್ಮದ ಭಾಗವಾಗಿದ್ದವರಿಗೆ ಅದು ಅನ್ವಯಿಸುವುದಿಲ್ಲ. ಹೆಂಗಸರು ತಲೆಯ ಮೇಲೆ ಸೆರಗು ಹೊದೆಯಬೇಕಾಗಿಲ್ಲ.

ಈಗ ಕೆಂಪು ಗೌನು. ಪದವಿ ವಿದ್ಯಾರ್ಥಿಗಳ ಗೌನು ಇದು. ಉಣ್ಣೆಯದು, ಭಾರ, ಕೊರಳಪಟ್ಟಿ ಗಾಢ ಕೆಂಪಿನ ಮಖಮಲ್ಲು. ಮಳೆಯಲ್ಲಿ ನೆನೆದರೆ ಕಂಬಳಿಯ ವಾಸನೆ ಬರುತ್ತದೆ. ಹೆಂಡದಂಗಡಿಗೆ ನುಗ್ಗುವ ವಿದ್ಯಾರ್ಥಿಗಳನ್ನು ದೂರದಿಂದಲೇ ಗುರುತಿಸಲಿ ಎಂದು ಈ ಬಣ್ಣ ಇಟ್ಟರಂತೆ. ಊರಿನವರು ಹಾಗೆ ಹೇಳಿ ನಗುತ್ತಾರೆ. ತೊಡುವ ರೀತಿಯಲ್ಲೂ ಲೆಕ್ಕಾಚಾರವಿದೆ. ಮೊದಲ ವರ್ಷದವರು ಎರಡೂ ಭುಜದ ಮೇಲೆ ಸರಿಯಾಗಿ ಹೊದೆಯುತ್ತಾರೆ. ಎರಡನೆಯ ವರ್ಷದವರದು ಭುಜದಿಂದ ತುಸು ಜಾರಿರುತ್ತದೆ. ಮೂರನೆಯ ವರ್ಷ ಕಲಾ ವಿಭಾಗದವರಾದರೆ ಎಡಭುಜದಿಂದ, ವಿಜ್ಞಾನದವರಾದರೆ ಬಲಭುಜದಿಂದ ಇಳಿಬಿಡುತ್ತಾರೆ. ನಾಲ್ಕನೆಯ ವರ್ಷದವರದು ಮೊಣಕೈವರೆಗೆ ಜಾರಿ ಬೆನ್ನ ಹಿಂದೆ ನೇತಾಡುತ್ತಿರುತ್ತದೆ. ಅಂದರೆ ಇಲ್ಲಿ ಅನುಭವ ಹೆಚ್ಚಿದಷ್ಟೂ ಚಳಿ ಹೆಚ್ಚು. ದೇವತಾಶಾಸ್ತ್ರ ಓದುವವರು ಕಪ್ಪು ಗೌನು ತೊಡುತ್ತಾರೆ. ಅದರ ಮೇಲೆ ನೇರಳೆ ಬಣ್ಣದ ಓರೆ ಶಿಲುಬೆ ಇರುತ್ತದೆ, ಸಂತ ಆಂಡ್ರೂವಿನ ಗುರುತು. ನಮ್ಮಂಥ ಸ್ನಾತಕೋತ್ತರದವರಿಗೂ ಕಪ್ಪೇ. ಮೊದಲ ದಿನ ನನಗೆ ಇದರಿಂದ ಬಹಳ ಬೇಸರವಾಗಿತ್ತು.

ನಿಮ್ಮ ಮಗಳ ಗೌನನ್ನು ಫೋಟೊಗೆಂದು ನೀವು ಹಾಕಿಕೊಂಡು ಒಳಗೆ ಬರಬೇಡಿ. ಹೊರಗೆ ಹುಲ್ಲುಹಾಸಿನ ಮೇಲೆ ಎಷ್ಟು ಬೇಕಾದರೂ ಹಾಕಿ ನೋಡಿ. ಒಳಗೆ ಅದು ವಿದ್ಯಾರ್ಥಿಗಳದು.

ಹೆಬ್ಬಾಗಿಲಿನ ಎರಡು ಅಕ್ಷರಗಳು

ಗೋಪುರದ ಕೆಳಗಿನ ಕಮಾನಿನ ಮುಂದೆ, ರಸ್ತೆಯ ಕಲ್ಲುಹಾಸಿನಲ್ಲಿ, ಪಿ ಮತ್ತು ಎಚ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಕಲ್ಲಿನಲ್ಲೇ ಜೋಡಿಸಿದ್ದಾರೆ. ಅವನ್ನು ತುಳಿಯಬೇಡಿ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ತರುಣ, ಪೋಪರನ್ನು ಎದುರಿಸಿದ ಜರ್ಮನಿಯ ಮತಸುಧಾರಕ ಲೂಥರನ ವಿಚಾರಗಳನ್ನು ಬೋಧಿಸಿದನೆಂದು 1528ರ ಫೆಬ್ರವರಿ 29ರಂದು ಇದೇ ಜಾಗದಲ್ಲಿ ಸುಟ್ಟರು. ಅವನಿಗಿನ್ನೂ ಇಪ್ಪತ್ತು ದಾಟಿ ಕೆಲವೇ ವರ್ಷ. ಬೆಂಕಿ ಸರಿಯಾಗಿ ಹತ್ತದೆ ತಾಸುಗಟ್ಟಲೆ ಬೆಂದ ಎನ್ನುತ್ತಾರೆ. ಮೇಲೆ ಗೋಪುರದ ಒಂದು ಕಲ್ಲಿನಲ್ಲಿ ಅವನ ಮುಖ ಮೂಡಿದೆ ಎಂದು ತೋರಿಸುತ್ತಾರೆ. ಮನಸ್ಸು ಮಾಡಿ ನೋಡಿದರೆ ಕಾಣುತ್ತದೆ.

ಆ ಅಕ್ಷರಗಳನ್ನು ತುಳಿದ ವಿದ್ಯಾರ್ಥಿ ನಪಾಸಾಗುತ್ತಾನೆ ಎಂದು ಇಲ್ಲಿಯ ನಂಬಿಕೆ. ಪರಿಹಾರವೂ ಉಂಟು: ಮೇ 1ರ ಸೂರ್ಯೋದಯಕ್ಕೆ ಉತ್ತರ ಸಮುದ್ರದಲ್ಲಿ ಮುಳುಗು ಹಾಕುವುದು. ವಿಜ್ಞಾನದಲ್ಲಿ ಡಾಕ್ಟರೇಟು ಮಾಡುತ್ತಿರುವವರೂ ಈ ಕಲ್ಲಿನ ಸುತ್ತ ಬಳಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ನಮ್ಮೂರಿನ ಬೆಕ್ಕು ಅಡ್ಡಬರುವ ಕಥೆಗೆ ನಕ್ಕವರಿಗೆ ಇದನ್ನು ನೆನಪಿಸುವುದು ನನಗೆ ಬಲು ಇಷ್ಟ.

ಒಳಗೆ

ಬಾಗಿಲಲ್ಲಿ ನಿಂತವರು ಕೈಗೆ ಒಂದು ಹಾಳೆ ಕೊಡುತ್ತಾರೆ. ಅಂದಿನ ಕಾರ್ಯಕ್ರಮ ಪೂರ್ತಿ ಅದರಲ್ಲಿರುತ್ತದೆ: ಯಾವ ಹಾಡು, ಯಾರ ಪಠಣ, ಯಾರ ಪ್ರಸಂಗ, ಎಲ್ಲಿ ಎದ್ದು ನಿಲ್ಲಬೇಕು. ಮಡಚಿ ಜೇಬಿಗೆ ಹಾಕಬೇಡಿ. ಮುಂದಿನ ಒಂದು ಗಂಟೆ ನಿಮ್ಮನ್ನು ಕಾಯುವುದು ಅದೇ.

ಇಲ್ಲಿ ಕೂರುವ ಬೆಂಚುಗಳು ಮುಂದಕ್ಕೆ ಮುಖ ಮಾಡಿಲ್ಲ. ನಡುವಿನ ದಾರಿಯ ಎರಡೂ ಬದಿಗೆ, ಒಬ್ಬರಿಗೊಬ್ಬರು ಎದುರಾಗಿ ಕೂರುವಂತೆ ಹಾಕಿದ್ದಾರೆ. ಹಳೆಯ ಕಾಲೇಜು ಚಾಪೆಲ್‌ಗಳ ಕ್ರಮ ಇದು. ಇದರಿಂದ ನಿಮಗೊಂದು ಅನುಕೂಲ, ಒಂದು ಅನನುಕೂಲ. ಎದುರು ಸಾಲಿನವರು ಏಳುವುದು ಕೂರುವುದು ಕಾಣುವುದರಿಂದ ಅವರನ್ನು ನೋಡಿ ಅನುಸರಿಸಬಹುದು. ನೀವು ವಾಟ್ಸ್ಆಪ್ ನೋಡುವುದೂ ಎದುರಿನ ಇಡೀ ಸಾಲಿಗೆ ಕಾಣುತ್ತದೆ. ಮೆರವಣಿಗೆಯಲ್ಲಿ ಬರುವವರಿಗೂ ಗಾಯಕರಿಗೂ ಕಾದಿರಿಸಿದ ಜಾಗಗಳಿರುತ್ತವೆ. ಖಾಲಿ ಇದೆಯೆಂದು ಅಲ್ಲಿ ಹೋಗಿ ಕೂರದೆ ಬಾಗಿಲಲ್ಲಿ ನಿಂತವರನ್ನು ಕೇಳಿ. ಅದೇ ಬದಿಯ ಹಿಂದಿನ ಸಾಲಾದರೂ ಸರಿ, ಗಾಯಕರಿಗೆ ಹತ್ತಿರ ಸಿಕ್ಕರೆ ಬಿಡಬೇಡಿ.

ಆರಾಧನೆ ಶುರುವಾಗುವ ಮುನ್ನ ಆರ್ಗನ್ ನುಡಿಯುತ್ತಿರುತ್ತದೆ. ಆಸ್ಟ್ರಿಯಾದ ಹ್ರಾಡೆಟ್ಸ್ಕಿ 1974ರಲ್ಲಿ ಕಟ್ಟಿಕೊಟ್ಟ ವಾದ್ಯ ಅದು. ಅದರ ನಾದ ಬದಲಾಗಿ ಎಲ್ಲರೂ ಏಳತೊಡಗಿದರೆ ನೀವೂ ಏಳಿ, ಮೆರವಣಿಗೆ ಬರುತ್ತಿದೆ. ದೊಡ್ಡ ದಿನಗಳಲ್ಲಿ ಇದರಲ್ಲಿ ಗಾಯಕರು, ಬಣ್ಣಬಣ್ಣದ ನಿಲುವಂಗಿ ತೊಟ್ಟ ಪ್ರಾಧ್ಯಾಪಕರು, ಬೆಳ್ಳಿಯ ದಂಡ ಹೊತ್ತ ಬೆಡೆಲಸ್ ಎಂಬ ಅಧಿಕಾರಿ, ಅವನ ಹಿಂದೆ ವಿಶ್ವವಿದ್ಯಾಲಯದ ಮುಖ್ಯಸ್ಥರು ಬರುತ್ತಾರೆ. ನಮ್ಮ ಉತ್ಸವದಲ್ಲಿ ವಾದ್ಯದವರು ಮುಂದೆ, ದೇವರು ಹಿಂದೆ ಬರುವಂತೆ ಇಲ್ಲಿಯೂ ಹಿರಿತನ ಹೆಚ್ಚಿದಷ್ಟೂ ಹಿಂದೆ. ಮೊದಲು ಬಂದವರೇ ಕುಲಪತಿಗಳೆಂದು ಪಕ್ಕದವರಿಗೆ ಪಿಸುಗುಟ್ಟಬೇಡಿ. ಪ್ರಾಧ್ಯಾಪಕರು ತೊಡುವುದು ತಾವು ಪದವಿ ಪಡೆದ ವಿಶ್ವವಿದ್ಯಾಲಯದ ನಿಲುವಂಗಿ. ಆದ್ದರಿಂದಲೇ ಒಂದರಂತೆ ಇನ್ನೊಂದು ಇರುವುದಿಲ್ಲ.

ಈ ವಿಶ್ವವಿದ್ಯಾಲಯದ ಬಳಿ ಮಧ್ಯಯುಗದ ಮೂರು ದಂಡಗಳಿವೆ. ಅವುಗಳಲ್ಲಿ ಸೇಂಟ್ ಸಾಲ್ವೇಟರ್ ಕಾಲೇಜಿನದನ್ನು 1461ರಲ್ಲಿ ಪ್ಯಾರಿಸ್ಸಿನ ಅಕ್ಕಸಾಲಿಗ ಜಾನ್ ಮಾಯೆಲ್ ಮಾಡಿದ್ದು. ಬೆಳ್ಳಿಗೆ ಚಿನ್ನದ ಲೇಪ. ಮೇಲ್ತುದಿಯಲ್ಲಿ ಪುಟ್ಟ ಗುಡಿಯಂಥ ಮಂಟಪ, ಅದರೊಳಗೆ ಕ್ರಿಸ್ತ, ಸುತ್ತ ದೇವದೂತರು. ದಂಡ ಹಾದುಹೋಗುವಾಗ ಫೋಟೊ ತೆಗೆಯುವ ಆಸೆ ತಡೆದುಕೊಳ್ಳಿ. ಆರಾಧನೆ ನಡೆಯುವಷ್ಟು ಹೊತ್ತೂ ಫೋಟೊ, ವಿಡಿಯೊ ಯಾವುದೂ ಬೇಡ.

ಹಾಡಿಗೆ ಎದ್ದು ನಿಲ್ಲುತ್ತಾರೆ. ಪ್ರಾರ್ಥನೆಗೆ ಕೂತು ತಲೆ ಬಾಗಿಸುತ್ತಾರೆ. ಮಂಡಿಯೂರುವ ಪದ್ಧತಿ ಇಲ್ಲಿಲ್ಲ. ನೀವು ಸುಮ್ಮನೆ ತಲೆ ತಗ್ಗಿಸಿ ಕೂತರೆ ಸಾಕು, ಬಾಯಲ್ಲಿ ಏನೂ ಹೇಳಬೇಕಾಗಿಲ್ಲ. ನಂಬಿಕೆಯಿಲ್ಲದ ಮಾತನ್ನು ಶಿಷ್ಟಾಚಾರಕ್ಕೆಂದು ಉಚ್ಚರಿಸುವುದಕ್ಕಿಂತ ಮೌನವೇ ಹೆಚ್ಚು ಮರ್ಯಾದೆ ಎಂಬುದು ನನ್ನ ಅಭಿಪ್ರಾಯ. ಹಾಡುಗಳ ಮಾತು ಬೇರೆ. ಪುಸ್ತಕ ಮುಂದಿರುತ್ತದೆ, ರಾಗ ಸರಳ, ಎರಡನೆಯ ಚರಣಕ್ಕೆ ಹಿಡಿಯಬಹುದು, ಧಾರಾಳವಾಗಿ ಹಾಡಿ. ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆ ಬಂದ ದಿನ ನಿಮ್ಮ ಅದೃಷ್ಟ. 1650ರ ಸ್ಕಾಟಿಷ್ ಕೀರ್ತನೆ ಪುಸ್ತಕದ ಸಾಲುಗಳನ್ನು ಕ್ರಿಮಂಡ್ ಎಂಬ ಧಾಟಿಯಲ್ಲಿ ಹಾಡುತ್ತಾರೆ. ಕಾನ್ವೆಂಟಿನಲ್ಲಿ ಓದಿದ ಅನೇಕರಿಗೆ ಅದು ಬಾಲ್ಯದಿಂದಲೇ ಗೊತ್ತು. ನಮ್ಮ ಹೆಂಗಸರು ಇದ್ದಕ್ಕಿದ್ದಂತೆ ಪುಸ್ತಕ ನೋಡದೆ ಹಾಡತೊಡಗುವುದು ಆಗಲೇ.

ಗಾಯನ ಮಂಡಳಿ ಮಾತ್ರ ಹಾಡುವ ಭಾಗವೊಂದಿರುತ್ತದೆ. ಎಲ್ಲರೂ ವಿದ್ಯಾರ್ಥಿಗಳು, ಕೆಂಪು ಗೌನಿನವರು. ನಾನು ಚಿಕ್ಕಂದಿನಲ್ಲಿ ಕಲಿತದ್ದು ಕರ್ನಾಟಕ ಸಂಗೀತ. ಒಂದೇ ಎಳೆಯನ್ನು ಹಿಡಿದು ಹಿಂಜುವ ಸಂಗೀತ ಅದು. ಇಲ್ಲಿ ನಾಲ್ಕು ಗುಂಪು ನಾಲ್ಕು ಸ್ವರದಲ್ಲಿ ಒಟ್ಟಿಗೆ ನಿಂತಾಗ ಮೊದಮೊದಲು ಕಿವಿಗೆ ಯಾವುದನ್ನು ಹಿಡಿಯಬೇಕೆಂದೇ ತಿಳಿಯುತ್ತಿರಲಿಲ್ಲ. ಅತಿ ಕೆಳಗಿನ ಗಂಡುದನಿಯನ್ನು ಮಾತ್ರ ಹಿಂಬಾಲಿಸಿ ನೋಡಿ. ಅದರ ಮೇಲೆ ಉಳಿದವು ಹೇಗೆ ಕೂರುತ್ತವೆಂಬುದು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಡಿ! ನಾನು ಕರೆದೊಯ್ದವರೆಲ್ಲರ ಕೈ ಎದ್ದೇ ಎದ್ದಿರುತ್ತದೆ. ಪಕ್ಕದಲ್ಲಿ ಕೂತು ಹಿಡಿದು ಕೆಳಗಿಳಿಸುವುದು ನನ್ನ ಕೆಲಸ. “ಅಷ್ಟು ಚೆನ್ನಾಗಿ ಹಾಡಿದರೂ ಒಂದು ಚಪ್ಪಾಳೆ ಬೇಡವೇ?” ಎಂದು ಮೈಸೂರಿನ ಅತ್ತೆಯೊಬ್ಬರು ಗೊಣಗಿದರು. ಅವರು ಹಾಡುವುದು ನಮಗಾಗಿ ಅಲ್ಲ ಎಂಬ ಭಾವ ಇಲ್ಲಿಯದು. ಮೆಚ್ಚುಗೆಯನ್ನು ಹೊರಗೆ ಕಾಫಿಯ ಹೊತ್ತಿನಲ್ಲಿ ಹುಡುಗರಿಗೆ ನೇರವಾಗಿ ಹೇಳಿ. ಅವರ ಮುಖ ಅರಳುತ್ತದೆ.

ಪ್ರಸಂಗ ಹೆಚ್ಚು ಉದ್ದವಿರುವುದಿಲ್ಲ. ಸ್ಕಾಟಿಷ್ ಉಚ್ಚಾರಣೆ ಮೊದಲ ಐದು ನಿಮಿಷ ಕಲಸುಮೇಲೋಗರ. ಆಮೇಲೆ ಕಿವಿ ಒಗ್ಗುತ್ತದೆ. ವಿದ್ವಾಂಸರ ನಡುವೆ ಮಾಡುವ ಪ್ರಸಂಗವಾದ್ದರಿಂದ ಬೆದರಿಕೆ, ಕೂಗಾಟ ಇರುವುದಿಲ್ಲ. ಹಾಸ್ಯ ಬಂದರೆ ನಗಬಹುದು.

ಕಾಣಿಕೆಯ ತಟ್ಟೆ ಬಂದರೆ ಇಷ್ಟವಿದ್ದಷ್ಟು ಹಾಕಿ, ಇಲ್ಲವಾದರೆ ಪಕ್ಕಕ್ಕೆ ದಾಟಿಸಿ. ಯಾರೂ ಲೆಕ್ಕ ಇಡುವುದಿಲ್ಲ.

ಪ್ರಭುಭೋಜನ ಇರುವ ದಿನ ಮಾತ್ರ ಸ್ವಲ್ಪ ಎಚ್ಚರ ಬೇಕು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚುವ ಭಾಗ ಇದು. ನಮ್ಮಲ್ಲಿ ಪ್ರಸಾದ ಬೇಡವೆನ್ನುವುದು ಅಪಚಾರ. ಕೈ ತಾನಾಗಿ ಮುಂದೆ ಹೋಗುತ್ತದೆ. ಇಲ್ಲಿ ಅದು ತಿರುವುಮುರುವು. ಆ ನಂಬಿಕೆಗೆ ಸೇರಿದವರು ತೆಗೆದುಕೊಳ್ಳುವಂಥದ್ದು ಅದು. ನೀವು ಕೂತಲ್ಲೇ ಕೂತಿರುವುದೇ ಗೌರವ. ಹಾಗೆ ಕೂತವರು ನೀವೊಬ್ಬರೇ ಆಗಿರುವುದಿಲ್ಲ, ಇಲ್ಲಿಯ ವಿದ್ಯಾರ್ಥಿಗಳಲ್ಲೂ ಹಲವರು ಏಳುವುದಿಲ್ಲ.

ಕೊನೆಯ ಆಶೀರ್ವಾದದ ನಂತರ ಮೆರವಣಿಗೆ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅದು ದಾಟುವವರೆಗೆ ಜಾಗ ಬಿಟ್ಟು ಕದಲಬೇಡಿ. ಬಾಗಿಲಲ್ಲಿ ಚಾಪ್ಲಿನ್ ನಿಂತು ಕೈಕುಲುಕುತ್ತಾರೆ, ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಸಣ್ಣ ಉತ್ತರ ಕೊಡಿ. ಹಿಂದೆ ಸಾಲು ನಿಂತಿರುತ್ತದೆ.

ಕಟ್ಟೆಯ ಮೇಲಿನ ನಡಿಗೆ

ಆರಾಧನೆ ಮುಗಿದ ಮೇಲೆ ಗೌನು ತೊಟ್ಟವರು ಬಂದರಿನ ಕಡೆ ನಡೆಯುತ್ತಾರೆ. ಊರೂರಿನಿಂದ ಜನ ನೋಡಲು ಬರುವುದು ಇದನ್ನೇ. ನಾರ್ತ್ ಸ್ಟ್ರೀಟಿನ ತುದಿಗೆ ಕ್ಯಾಥೆಡ್ರಲ್ಲಿನ ಅವಶೇಷ. 1318ರಲ್ಲಿ ರಾಜ ರಾಬರ್ಟ್ ಬ್ರೂಸನ ಎದುರು ಪ್ರತಿಷ್ಠೆಯಾದ, ಸ್ಕಾಟ್ಲೆಂಡಿನಲ್ಲೇ ದೊಡ್ಡದೆನಿಸಿದ ಆ ಚರ್ಚಿನಲ್ಲಿ ಈಗ ಮುಖ್ಯವಾಗಿ ಉಳಿದಿರುವುದು ಎರಡು ತುದಿಯ ಗೋಡೆ, ನಡುವೆ ಹುಲ್ಲು ಮತ್ತು ಗೋರಿಗಳು. ಅದರ ಪಕ್ಕದಿಂದ ಇಳಿದರೆ ಬಂದರು. ಅಲ್ಲಿ ಸಮುದ್ರಕ್ಕೆ ಚಾಚಿರುವ ಉದ್ದನೆಯ ಕಲ್ಲುಕಟ್ಟೆಯನ್ನು ಪಿಯರ್ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಅದನ್ನು ಕಟ್ಟಲು ಪಾಳುಬಿದ್ದ ಕೋಟೆ, ಕ್ಯಾಥೆಡ್ರಲ್‌ಗಳ ಕಲ್ಲನ್ನೇ ತಂದರು. ಹೋಗುವಾಗ ಕೆಳಗಿನ ಅಗಲ ದಾರಿಯಲ್ಲಿ ತುದಿಯವರೆಗೆ ಹೋಗುತ್ತಾರೆ. ಅಲ್ಲಿ ಕಬ್ಬಿಣದ ಏಣಿ ಹತ್ತಿ ಮೇಲಿನ ಕಿರಿದಾದ ಗೋಡೆಯ ಮೇಲೆ ಒಬ್ಬರ ಹಿಂದೊಬ್ಬರು ವಾಪಸು ಬರುತ್ತಾರೆ. ಕಂಬಿಯಿಲ್ಲ. ಗಾಳಿ ಎಲ್ಲಿಂದ ಬೀಸುತ್ತದೆಂದು ಹೇಳಲಾಗದು, ಗೌನು ಹಾಯಿಯಂತೆ ಉಬ್ಬುತ್ತದೆ. ಸೀರೆ ಬೇಡವೆಂದದ್ದು ಇದಕ್ಕೇ: ಏಣಿಯ ಒದ್ದೆ ಮೆಟ್ಟಿಲ ಮೇಲೆ ನೆರಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಮಂಡಿನೋವಿನವರು, ತಲೆಸುತ್ತು ಬರುವವರು ಕೆಳದಾರಿಯಲ್ಲೇ ನಿಂತು ನೋಡಿ, ಅಲ್ಲಿಂದ ದೃಶ್ಯವೂ ಚೆನ್ನ.

1800ರಲ್ಲಿ ಜಾನ್ ಹನಿ ಎಂಬ ವಿದ್ಯಾರ್ಥಿ ಇಲ್ಲಿಯ ಪೂರ್ವ ದಡದ ಬಳಿ ಒಡೆದ ಹಡಗೊಂದರಿಂದ ನಾವಿಕರನ್ನು ಒಬ್ಬೊಬ್ಬರಾಗಿ ಈಜಿ ದಡಕ್ಕೆ ತಂದ. ಆ ಸಾಹಸದ ನೆನಪಿಗೆ ಈ ನಡಿಗೆ ಎಂದು ಹಲವರು ಹೇಳುತ್ತಾರೆ. ಪ್ರಸಂಗ ಮಾಡಲು ಬಂದವರನ್ನು ಹಡಗಿನವರೆಗೆ ಬೀಳ್ಕೊಡುತ್ತಿದ್ದರೆಂದೂ ಇನ್ನೊಂದು ಮಾತಿದೆ. ನನಗೆ ಹನಿಯ ಕಥೆಯೇ ಇಷ್ಟ.

ಬಿರುಗಾಳಿಗೆ ಪೆಟ್ಟಾಗಿ ಕಟ್ಟೆಯನ್ನು ಮುಚ್ಚುವುದುಂಟು. ಮುಚ್ಚಿದೆ ಎಂಬ ಫಲಕವಿದ್ದರೆ ತಡೆ ದಾಟುವ ಶೌರ್ಯ ತೋರಿಸಬೇಡಿ. ಆಗ ಸೌತ್ ಸ್ಟ್ರೀಟಿಗೆ ಬನ್ನಿ; ಕಟ್ಟೆ ತೆರೆದಿದ್ದರೂ ವಾಪಸಾಗುವಾಗ ಬನ್ನಿ. ಪಶ್ಚಿಮದ ಹಳೆಯ ಊರಬಾಗಿಲ ಕಡೆಗೆ ನಡೆದರೆ ದಾರಿಯಲ್ಲಿ ಒಂದು ಮುರುಕು ಚಾಪೆಲ್, ಅದರ ಹಿಂದೆ ಗಂಭೀರವಾದ ಶಾಲೆಯ ಕಟ್ಟಡ ಸಿಗುತ್ತದೆ. ಅದರ ಹೆಸರು ಮದ್ರಾಸ್ ಕಾಲೇಜ್! ಕರೆತಂದವರೆಲ್ಲ ಇಲ್ಲಿ ನಿಂತು ನನ್ನ ಮುಖ ನೋಡುತ್ತಾರೆ.

ಆಂಡ್ರೂ ಬೆಲ್ ಇದೇ ಊರಿನಲ್ಲಿ 1753ರಲ್ಲಿ ಹುಟ್ಟಿ, ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮಕ್ಕೆ ಮೇಲ್ವಿಚಾರಕನಾಗಿ ಹೋದ. ಅಲ್ಲಿ ಒಂದು ದೇಸಿ ಶಾಲೆಯ ಮುಂದೆ ಹಾದುಹೋಗುವಾಗ ಮಕ್ಕಳು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನ ಆಶ್ರಮದಲ್ಲೂ ಅದನ್ನೇ ತಂದ. ಕಲಿತ ಹುಡುಗರೇ ಕಿರಿಯರಿಗೆ ಹೇಳಿಕೊಡುವಂತೆ ಮಾಡಿದ. 1797ರಲ್ಲಿ ಅದರ ಬಗ್ಗೆ ಪ್ರಕಟಿಸಿದ; ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಬ್ರಿಟನ್ನಿನ ಶಾಲೆಗಳಿಗೆ ಹಬ್ಬಿತು. ಅವನು ಬಿಟ್ಟುಹೋದ ಹಣದಲ್ಲಿ ಈ ಶಾಲೆ 1833ರಲ್ಲಿ ತೆರೆಯಿತು. 2021ರಲ್ಲಿ ಶಾಲೆ ಊರಂಚಿನ ಹೊಸ ಕಟ್ಟಡಕ್ಕೆ ಹೋಯಿತು, ಹೆಸರನ್ನೂ ಜೊತೆಗೇ ಒಯ್ದಿತು. ನಮ್ಮ ಜಗುಲಿ ಶಾಲೆಗಳಲ್ಲಿ ಮರಳಿನ ಮೇಲೆ ಓಂಕಾರ ತಿದ್ದಿದ ಅಜ್ಜಂದಿರ ಬಗ್ಗೆ ಕೇಳಿ ಬಲ್ಲವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಭಾನುವಾರ ಬರಲಾಗದವರಿಗೆ ಸೆಮಿಸ್ಟರಿನಲ್ಲಿ ಗುರುವಾರ ರಾತ್ರಿ 10 ಗಂಟೆಗೆ ಇನ್ನೊಂದು ಚಾಪೆಲ್ ಸೇಂಟ್ ಲೆನರ್ಡ್‌ನಲ್ಲಿ ಮೇಣದಬತ್ತಿಯ ಬೆಳಕಿನಲ್ಲಿ ಕಂಪ್ಲಿನ್ ಎಂಬ ಇರುಳಿನ ಪ್ರಾರ್ಥನೆ ಇರುತ್ತದೆ. ಪ್ರಸಂಗವಿಲ್ಲ, ಮೆರವಣಿಗೆಯಿಲ್ಲ, ಹಾಡಷ್ಟೇ. ಜಾಗ ಬಹಳ ಚಿಕ್ಕದು. ಅದಕ್ಕೆ ಹೋಗುವುದಾದರೆ ಹೋಗುವ ಮುನ್ನ ಕೊನೆಯ 99 ಎಷ್ಟು ಹೊತ್ತಿಗೆಂದು ನೋಡಿಕೊಳ್ಳಿ. ಬಸ್ ನಿಲ್ದಾಣ ಸಿಟಿ ರೋಡಿನಲ್ಲಿದೆ, ಸೌತ್ ಸ್ಟ್ರೀಟಿನ ಪಶ್ಚಿಮ ತುದಿಯಿಂದ ಕೆಲವೇ ನಿಮಿಷದ ನಡಿಗೆ.